ಒಂದು ಜೆರಾಕ್ಸ್‌ಗಾಗಿ ನಲವತ್ತು ದಿನ

ಹೋದ ತಿಂಗಳು ಆಫೀಸ್ ಕೆಲಸಕ್ಕೆ ಅಂತ ಓಡಾಡಿದ ಆಟೋದ 280 ರೂಪಾಯಿ ವಾಪಸ್ ಕೇಳಿದ್ದಕ್ಕೆ ಫೈನಾನ್ಸ್‌ನವರು ನನಗೆ ಮೂರು ಮೇಲ್ ಕಳಿಸಿದರು. ರಸೀದಿ ಎಲ್ಲಿ? ರಸೀದಿ ಇಲ್ಲದಿದ್ದರೆ ಯುಪಿಐ ಸ್ಕ್ರೀನ್‌ಶಾಟ್ ಎಲ್ಲಿ? ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು ಕಾಣ್ತಾ ಇಲ್ಲ, ಇನ್ನೊಂದ್ಸಲ ಕಳಿಸಿ. ಕಿರಿಕಿರಿ ಆಯ್ತು ನಿಜ, ಆದರೆ ಅನ್ಯಾಯ ಅಂತ ಅನ್ನಿಸಲಿಲ್ಲ. ದುಡ್ಡು ಅವರದ್ದು, ಲೆಕ್ಕ ಕೇಳೋದು ಅವರ ಹಕ್ಕು.

ಅದೇ ವಾರ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಚಿಕ್ಕಪ್ಪ ಒಂದು ಪಕ್ಷದ ಪ್ರಣಾಳಿಕೆ ಫಾರ್ವರ್ಡ್ ಮಾಡಿದರು. ಬಣ್ಣಬಣ್ಣದ ಪಿಡಿಎಫ್. ಪುಟ ಪುಟಕ್ಕೂ ಕೈ ಮುಗಿದ ಫೋಟೋ. "ಚಿಕ್ಕಪ್ಪ, ಹೋದ ಸಲ ಹೇಳಿದ್ದರಲ್ಲಿ ಎಷ್ಟು ಆಯ್ತು ಅಂತ ಇದರಲ್ಲಿ ಇದೆಯಾ?" ಅಂತ ಕೇಳಿದೆ. "ಅದನ್ನೆಲ್ಲ ಯಾರು ಕೂತ್ಕೊಂಡು ನೋಡ್ತಾರೆ ಮಾರಾಯ" ಅಂತ ಉತ್ತರ ಬಂತು, ಜೊತೆಗೊಂದು ನಗುವ ಮುಖ.

ಯಾರು ಕೂತ್ಕೊಂಡು ನೋಡ್ತಾರೆ? ಚಿಕ್ಕಪ್ಪ ಕೇಳಿದ ಪ್ರಶ್ನೆ ತಮಾಷೆಯದ್ದೇ. ಆದರೆ ಅದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಸರಿಯಾದ ಒಂದು ಉತ್ತರ ಇದೆ. 1996ರ ಬೇಸಿಗೆಯಲ್ಲಿ, ಲೋಕಸಭೆ ಚುನಾವಣೆಯ ಗದ್ದಲದ ನಡುವೆ, ರಾಜಸ್ಥಾನದ ಬ್ಯಾವರ್ ಅನ್ನೋ ಊರಲ್ಲಿ ಕೆಲವು ನೂರು ಕೂಲಿಕಾರರು ಕೂತರು. ಒಂದೆರಡು ದಿನ ಅಲ್ಲ, ನಲವತ್ತು ದಿನ. ಅವರು ಕೇಳಿದ್ದು ಸಾಲ ಮನ್ನಾ ಅಲ್ಲ, ಸೀರೆ ಅಲ್ಲ, ಟಿವಿ ಅಲ್ಲ. ಪಂಚಾಯಿತಿ ಕಾಗದಪತ್ರಗಳ ಜೆರಾಕ್ಸ್ ಪ್ರತಿ.

ಇವತ್ತು ನಾವು ಆರ್‌ಟಿಐ ಅಂತ ಸಲೀಸಾಗಿ ಕರೆಯೋ ಕಾನೂನು ಸಂಸತ್ತಿನಲ್ಲಿ ಪಾಸಾದದ್ದು 2005ರಲ್ಲಿ. ಆದರೆ ಅದು ಹುಟ್ಟಿದ್ದು ದೆಹಲಿಯಲ್ಲಲ್ಲ ಅಂತ ಹೇಳೋವಾಗ ಎಲ್ಲರೂ ನೆನೆಯೋದು ಈ ಊರನ್ನೇ. ಕಥೆ ಹೇಳ್ತೀನಿ, ಕೇಳಿ. ಚುನಾವಣೆ ಬಂದಾಗ ನಾವು ಏನನ್ನು ಕೇಳಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಸರ್ಕಾರಿ ಕಚೇರಿಗಳ ಸ್ವಭಾವ ರೂಪುಗೊಂಡಿದ್ದೇ ಗುಟ್ಟಿನ ಮೇಲೆ. ಬ್ರಿಟಿಷರು 1923ರಲ್ಲಿ ಮಾಡಿದ ಅಧಿಕೃತ ರಹಸ್ಯಗಳ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಹಾಗೇ ಉಳೀತು, ಈಗಲೂ ಇದೆ. ಆಳುವವರ ಕಾಗದ ಆಳಿಸಿಕೊಳ್ಳುವವರಿಗೆ ಸಿಗಬಾರದು ಅನ್ನೋದು ಅದರ ಹಿಂದಿನ ಮನಸ್ಸು. ಗೋರಾ ಸಾಹೇಬ ಹೋದ, ಕಡತಕ್ಕೆ ಕಟ್ಟಿದ ಕೆಂಪು ದಾರ ಮಾತ್ರ ಉಳೀತು.

ಇದನ್ನು ಮೊದಲು ಜೋರಾಗಿ ಪ್ರಶ್ನೆ ಮಾಡಿದ್ದೂ ಚುನಾವಣೆಯ ಜಗಳದಲ್ಲೇ ಅನ್ನೋದು ಕುತೂಹಲದ ಸಂಗತಿ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಎದುರು ಸೋತ ರಾಜ್ ನಾರಾಯಣ್ ಕೋರ್ಟಿಗೆ ಹೋದರು. ಪ್ರಧಾನಿಯ ಪ್ರವಾಸಕ್ಕೆ ಸರ್ಕಾರ ಏನೇನು ವ್ಯವಸ್ಥೆ ಮಾಡಬೇಕು ಅಂತ ಬರೆದಿರೋ 'ಬ್ಲೂ ಬುಕ್' ಅನ್ನೋ ಕಡತ ಹಾಜರುಪಡಿಸಿ ಅಂತ ಕೇಳಿದರು. ಉತ್ತರ ಪ್ರದೇಶ ಸರ್ಕಾರ ಅದು ಗುಟ್ಟು, ಕೊಡೋಕಾಗಲ್ಲ ಅಂತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1975ರ ಜನವರಿಯಲ್ಲಿ ತೀರ್ಪು ಬಂತು. ಸಾರ್ವಜನಿಕ ಹುದ್ದೆಯಲ್ಲಿರೋರು ಸಾರ್ವಜನಿಕವಾಗಿ ಮಾಡೋ ಪ್ರತಿಯೊಂದು ಕೆಲಸವನ್ನೂ ತಿಳಿಯೋ ಹಕ್ಕು ಜನರಿಗಿದೆ ಅಂತ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅದರಲ್ಲಿ ಬರೆದರು. ಮಾತು ಚೆನ್ನಾಗಿತ್ತು. ಆದರೆ ಆ ಮಾತು ಬಂದು ಐದು ತಿಂಗಳಿಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ತೀರ್ಪಿನ ಪುಟದಲ್ಲಿದ್ದ ಹಕ್ಕು ತಾಲ್ಲೂಕು ಕಚೇರಿಯ ಕೌಂಟರ್‌ವರೆಗೆ ಬರೋಕೆ ಇನ್ನೂ ಮೂವತ್ತು ವರ್ಷ ಹಿಡೀತು.

ಅದನ್ನು ಕೌಂಟರ್‌ವರೆಗೆ ಎಳೆದು ತಂದವರಲ್ಲಿ ಮುಖ್ಯರಾದವರು ರಾಜಸ್ಥಾನದ ಬರಗಾಲ ಕಾಮಗಾರಿಯ ಕೂಲಿಗಳು. ಐಎಎಸ್ ಬಿಟ್ಟು ಬಂದಿದ್ದ ಅರುಣಾ ರಾಯ್, ಜೊತೆಗೆ ಶಂಕರ್ ಸಿಂಗ್, ನಿಖಿಲ್ ಡೇ ಇವರೆಲ್ಲ 1987ರಲ್ಲಿ ದೇವಡೂಂಗ್ರಿ ಅನ್ನೋ ಸಣ್ಣ ಹಳ್ಳಿಯ ಮಣ್ಣಿನ ಮನೆಯಲ್ಲಿ ನೆಲೆ ನಿಂತರು. ಅದು ಭೀಕರ ಬರದ ವರ್ಷ. ಸರ್ಕಾರ ಕೆರೆ, ರಸ್ತೆ ಕಾಮಗಾರಿ ತೆಗೆದು ಜನರಿಗೆ ಕೂಲಿ ಕೊಡ್ತಿತ್ತು. ಕಾಗದದ ಮೇಲೆ ಕನಿಷ್ಠ ಕೂಲಿ ಅಂತ ಒಂದು ಇತ್ತು, ಕೈಗೆ ಬರ್ತಾ ಇದ್ದದ್ದು ಇನ್ನೊಂದು. ಯಾಕೆ ಕಡಿಮೆ ಅಂತ ಕೇಳಿದರೆ ಇಂಜಿನಿಯರ್ ಹೇಳ್ತಿದ್ದ, ನೀವು ಕೆಲಸ ಪೂರ್ತಿ ಮಾಡಿಲ್ಲ, ಅಳತೆ ಪುಸ್ತಕದಲ್ಲಿ ಬರೆದಿದೆ. ಹಾಗಾದರೆ ಆ ಪುಸ್ತಕ ತೋರಿಸಿ ಸ್ವಾಮಿ. ಅದು ಸರ್ಕಾರಿ ಕಡತ, ತೋರಿಸೋ ಹಾಗಿಲ್ಲ.

ಗಮನಿಸಿ, ಜಗಳ ಶುರುವಾಗಿದ್ದು ಹಕ್ಕಿನ ಬಗ್ಗೆ ಅಲ್ಲ, ಕೂಲಿಯ ಬಗ್ಗೆ. ಕೂಲಿ ಯಾಕೆ ಬರಲ್ಲ ಅಂತ ಹಿಂದೆ ಹಿಂದೆ ಹೋದಾಗ ದಾರಿ ಮುಗಿದದ್ದು ಬೀಗ ಹಾಕಿದ ಒಂದು ಬೀರುವಿನ ಮುಂದೆ. 1990ರ ಮೇ 1ರಂದು ಭೀಮ್ ಅನ್ನೋ ಊರಲ್ಲಿ ಇವರೆಲ್ಲ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಕೆಲವು ವರ್ಷ ಉಪವಾಸ, ಧರಣಿ ಎಲ್ಲಾ ಮಾಡಿ ನೋಡಿದ ಮೇಲೆ ಅವರಿಗೆ ಖಚಿತ ಆಯ್ತು. ಬೀರು ತೆಗೆಸದೆ ಕೂಲಿ ಬರಲ್ಲ.

ಆಗ ಹುಟ್ಟಿದ್ದು 'ಜನ ಸುನ್ವಾಯಿ', ಅಂದ್ರೆ ಜನರ ಮುಂದೆ ನಡೆಯೋ ವಿಚಾರಣೆ. ಮೊದಲನೆಯದು 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಅನ್ನೋ ಹಳ್ಳಿಯಲ್ಲಿ ನಡೀತು. ಹೇಗೋ ದಕ್ಕಿದ ಕಾಗದಗಳನ್ನು ಶಾಮಿಯಾನದ ಕೆಳಗೆ ಮೈಕಿನಲ್ಲಿ ಗಟ್ಟಿಯಾಗಿ ಓದೋದು, ಅಷ್ಟೇ. ಮಸ್ಟರ್ ರೋಲ್‌ನಲ್ಲಿ ಇಂಥವರು ಇಷ್ಟು ದಿನ ದುಡಿದು ಇಷ್ಟು ದುಡ್ಡು ತಗೊಂಡಿದಾರೆ ಅಂತ ಓದ್ತಾ ಹೋದರೆ, ಜನರ ಮಧ್ಯದಿಂದ ಒಬ್ಬೊಬ್ಬರೇ ಎದ್ದು ನಿಂತರು. ನಾನು ಆ ಕಡೆ ತಲೆ ಹಾಕಿಯೂ ಮಲಗಿಲ್ಲ ಅಂದರು ಕೆಲವರು. ಊರು ಬಿಟ್ಟು ಹೋದವರ ಹೆಸರು, ಸತ್ತವರ ಹೆಸರು ಕೂಡ ಪಟ್ಟಿಯಲ್ಲಿದ್ದವು. ಪೂರ್ತಿ ಆಗಿದೆ ಅಂತ ಬಿಲ್ ಪಾಸಾದ ಕಟ್ಟಡಕ್ಕೆ ಚಾವಣಿಯೇ ಇರಲಿಲ್ಲ. ಓದು ಬರಹ ಬಾರದ ಹೆಂಗಸರು ಅವತ್ತು ಮಾಡಿದ್ದು, ನಾವು ದೊಡ್ಡ ದೊಡ್ಡ ಕಂಪನಿಗಳಲ್ಲಿ ಹೆಸರಾಂತ ಆಡಿಟರ್‌ಗಳಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸ. ಕಾಗದದಲ್ಲಿರೋದನ್ನು ನೆಲದ ಮೇಲಿರೋದಕ್ಕೆ ಹೋಲಿಸಿ ನೋಡೋದು.

ಹಳ್ಳಿ ಹಳ್ಳಿಯಲ್ಲಿ ಇದು ನಡೀತಿದ್ದ ಹಾಗೆ ಗ್ರಾಮ ಸೇವಕರು ತಿರುಗಿಬಿದ್ದರು. ನಮ್ಮ ಲೆಕ್ಕ ಸರ್ಕಾರಿ ಆಡಿಟರ್‌ಗೆ ಕೊಡ್ತೀವಿ, ಜನರಿಗೆ ಯಾಕೆ ಕೊಡಬೇಕು ಅನ್ನೋದು ಅವರ ವಾದ. ಈ ವಾದವನ್ನು ಪೂರ್ತಿ ತಳ್ಳಿಹಾಕಬೇಡಿ, ಇವತ್ತಿಗೂ ಇದನ್ನೇ ನಂಬಿರೋ ವಿದ್ಯಾವಂತರು ಬೇಕಾದಷ್ಟು ಜನ ಇದ್ದಾರೆ. ಲೆಕ್ಕ ಪರಿಶೋಧನೆಗೆ ಇಲಾಖೆ ಇದೆ, ತನಿಖೆಗೆ ಪೊಲೀಸ್ ಇದ್ದಾರೆ, ನಿಮಗ್ಯಾಕೆ? ಉತ್ತರ ಸರಳ. ಚಾವಣಿ ಇಲ್ಲ ಅನ್ನೋದು ಜೈಪುರದಲ್ಲಿ ಕೂತ ಆಡಿಟರ್‌ಗೆ ಗೊತ್ತಾಗಲ್ಲ, ಮಳೆ ಬಂದಾಗ ಅದರ ಕೆಳಗೆ ನಿಲ್ಲೋಕೆ ಹೋದವರಿಗೆ ಗೊತ್ತಾಗುತ್ತೆ.

ಗಲಾಟೆ ಜೋರಾದಾಗ ರಾಜಕಾರಣ ತಾನು ಯಾವಾಗಲೂ ಮಾಡೋದನ್ನೇ ಮಾಡ್ತು. ಭರವಸೆ ಕೊಡ್ತು. 1995ರ ಏಪ್ರಿಲ್ 5ರಂದು ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲೇ ನಿಂತು ಹೇಳಿದರು. ಸ್ಥಳೀಯ ಅಭಿವೃದ್ಧಿ ಕಾಮಗಾರಿಗಳ ಮಾಹಿತಿ ಜನರಿಗೆ ಸಿಗುತ್ತೆ, ಶುಲ್ಕ ಕಟ್ಟಿ ಕಾಗದದ ಪ್ರತಿ ತಗೋಬಹುದು, ಹೀಗೆ ಮಾಡೋ ಮೊದಲ ರಾಜ್ಯ ನಮ್ಮದೇ. ಪತ್ರಿಕೆಗಳಲ್ಲಿ ಸುದ್ದಿ ಬಂತು. ಚಪ್ಪಾಳೆ ಬಿತ್ತು. ಆಮೇಲೆ? ಆಮೇಲೆ ಏನೂ ಇಲ್ಲ. ಪೇಪರ್ ಕತ್ತರಿಸಿ ಇಟ್ಕೊಂಡು ಕಚೇರಿಗೆ ಹೋದವರಿಗೆ, ನಮಗೆ ಆದೇಶ ಬಂದಿಲ್ಲ ಅನ್ನೋ ಉತ್ತರ. ಸದನದಲ್ಲಿ ಆಡಿದ ಮಾತು ಗುಮಾಸ್ತರ ಮೇಜಿಗೆ ಬರಲಿಲ್ಲ.

ಸರಿಯಾಗಿ ಒಂದು ವರ್ಷ ಕಾದರು. 1996ರ ಏಪ್ರಿಲ್ 6ರಂದು ಬ್ಯಾವರ್‌ನ ಚಾಂಗ್ ಗೇಟ್ ಹತ್ತಿರ ಧರಣಿ ಕೂತರು. ಬ್ಯಾವರ್ ಅಂದ್ರೆ ಎಳ್ಳಿನ 'ತಿಲ್‌ಪಟ್ಟಿ'ಗೆ ಹೆಸರಾದ ವ್ಯಾಪಾರಸ್ಥರ ಊರು. ಏಪ್ರಿಲ್ 27, ಮೇ 2, ಮೇ 7ಕ್ಕೆ ಲೋಕಸಭೆಗೆ ಮತದಾನ. ಊರಿನ ತುಂಬ ಬಾವುಟ, ಜೀಪು, ಮೈಕು. ಅದರ ನಡುವೆ ಯಾವ ಪಕ್ಷದ್ದೂ ಅಲ್ಲದ ಒಂದು ಡೇರೆ.

ಧರಣಿಯ ಮೊದಲ ದಿನವೇ ಸರ್ಕಾರ ಒಂದು ಆದೇಶ ಹೊರಡಿಸ್ತು. ಪಂಚಾಯಿತಿ ಕಾಗದಗಳನ್ನು ಶುಲ್ಕ ಕಟ್ಟಿ ನೋಡಬಹುದು ಅಂತ. ನೋಡಬಹುದು, ಪ್ರತಿ ಇಲ್ಲ. ನಾವು ನೀವು ಆಗಿದ್ದರೆ ಬಹುಶಃ ಗೆದ್ದೆವು ಅಂತ ಫೋಟೋ ಹೊಡಿಸ್ಕೊಂಡು ಮನೆಗೆ ಹೋಗ್ತಾ ಇದ್ದೆವು. ನೋಡೋಕೆ ಬಿಟ್ಟಿದಾರಲ್ಲ, ಇನ್ನೇನು ಬೇಕು? ಅವರು ಎದ್ದೇಳಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇದೇ ಜಾಗ.

ನೋಡೋದಕ್ಕೂ ಪ್ರತಿ ತಗೊಳ್ಳೋದಕ್ಕೂ ಏನು ವ್ಯತ್ಯಾಸ? ನೋಡೋಕೆ ಅವರ ಕಚೇರಿಗೆ, ಅವರು ಹೇಳಿದ ಹೊತ್ತಿಗೆ ಹೋಗಬೇಕು. ಅವರು ಎದುರಿಗೆ ಕೂತಿರ್ತಾರೆ. ನೂರಾರು ಸಾಲಿನ ಮಸ್ಟರ್ ರೋಲನ್ನು ಕೈಯಲ್ಲಿ ಬರ್ಕೋಬೇಕು. ಬರೆಯೋಕೆ ಬಾರದವರು ಏನು ಮಾಡಬೇಕು? ಬರ್ಕೊಂಡು ಬಂದರೂ ನಾಳೆ ಅವರು ಹಾಗೆ ಇರಲೇ ಇಲ್ಲ ಅಂದರೆ ಮುಗೀತು, ಪುಸ್ತಕದ ಹಾಳೆ ಬದಲಾಗಿರುತ್ತೆ. ಸಹಿ, ಮೊಹರು ಇರೋ ಪ್ರತಿ ಕೈಯಲ್ಲಿದ್ದರೆ ಅದನ್ನು ಊರ ಮುಂದೆ ಓದಬಹುದು, ಪೊಲೀಸ್ ಠಾಣೆಯಲ್ಲಿ ದೂರಿನ ಜೊತೆ ಇಡಬಹುದು, ಕೋರ್ಟಿಗೆ ಕೊಡಬಹುದು. ನೋಡಿದ್ದು ಬರೀ ನೆನಪು, ಪ್ರತಿ ಸಾಕ್ಷಿ. ಇದನ್ನು ಅವರಿಗೆ ಯಾವ ವಕೀಲರೂ ಹೇಳಿಕೊಡಬೇಕಾಗಿರಲಿಲ್ಲ. ಸಾಹುಕಾರನ ಲೆಕ್ಕದ ಪುಸ್ತಕ ಸಾಹುಕಾರನ ಮನೆಯಲ್ಲೇ ಇದ್ದರೆ ಬಡ್ಡಿ ಹೇಗೆ ಬೆಳೆಯುತ್ತೆ ಅಂತ ಗೊತ್ತಿದ್ದ ಜನ ಅವರು.

ಏಪ್ರಿಲ್-ಮೇ ತಿಂಗಳ ರಾಜಸ್ಥಾನದ ಬಿಸಿಲು ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಳ್ಳಿಗಳಿಂದ ಜನ ಸರದಿ ಮೇಲೆ ಬಂದು ಕೂತರು, ಬರೋವಾಗ ಧಾನ್ಯ ತಂದರು. ಮೊದಲು ಇವರು ಯಾರಪ್ಪ ಅಂತ ದೂರ ನಿಂತು ನೋಡಿದ ಊರಿನ ಅಂಗಡಿಯವರು ಆಮೇಲೆ ತರಕಾರಿ, ಹಾಲು, ನೀರು ಕೊಡೋಕೆ ಶುರು ಮಾಡಿದರು. ಶಂಕರ್ ಸಿಂಗ್ ಗೊಂಬೆ ಆಡಿಸಿ, ಹಾಡು ಕಟ್ಟಿ ನಗಿಸ್ತಿದ್ದರು. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಅನ್ನೋದು ಘೋಷಣೆ. ನಮ್ಮ ದುಡ್ಡು, ನಮ್ಮ ಲೆಕ್ಕ. ಮೇ ದಿನದಂದು ಒಬ್ಬರನ್ನೊಬ್ಬರು ಕಂಡರಾಗದ ಎಡ ಮತ್ತು ಬಲ ಪಂಥದ ಕಾರ್ಮಿಕ ಸಂಘಗಳು ಕೂಡ ಒಂದೇ ಡೇರೆಗೆ ಬಂದವು. ಪ್ರಭಾಷ್ ಜೋಶಿ, ಕುಲದೀಪ್ ನಯ್ಯರ್, ನಿಖಿಲ್ ಚಕ್ರವರ್ತಿಯಂಥ ಪತ್ರಕರ್ತರು ಬೆಂಬಲಕ್ಕೆ ನಿಂತರು. ಆಮೇಲೆ ಧರಣಿ ಜೈಪುರಕ್ಕೂ ಹಬ್ಬಿತು.

ಆ ದಿನಗಳ ಒಂದು ಪ್ರಸಂಗವನ್ನು ಈಗಲೂ ಎಲ್ಲರೂ ನೆನೆಸಿಕೊಳ್ತಾರೆ. ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ಪತ್ರಕರ್ತರು ಕೇಳಿದರಂತೆ, ಇಷ್ಟು ಕಡಿಮೆ ಓದಿರೋ ನಿನಗೆ ಮಾಹಿತಿ ಹಕ್ಕು ಯಾಕೆ ಬೇಕಮ್ಮ ಅಂತ. ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೆ ವಾಪಸ್ ಬಂದ ಮೇಲೆ ಲೆಕ್ಕ ಕೇಳ್ತೀನಿ, ಸರ್ಕಾರ ನನ್ನ ಹೆಸರಲ್ಲಿ ಕೋಟಿಗಟ್ಟಲೆ ಖರ್ಚು ಮಾಡುತ್ತಲ್ಲ, ಅದರ ಲೆಕ್ಕ ಬೇಡವಾ ಅನ್ನೋ ಅರ್ಥದಲ್ಲಿ ಆಕೆ ಉತ್ತರ ಕೊಟ್ಟಳು. ನಮ್ಮ ಫೈನಾನ್ಸ್ ಟೀಮಿನ ಮೂರು ಮೇಲ್‌ಗಳ ಸಾರಾಂಶವೂ ಇಷ್ಟೇ ಅಲ್ವಾ?

ಮತದಾನ ಮುಗೀತು. ಮೇ ಮಧ್ಯದಲ್ಲಿ ಸರ್ಕಾರ ಒಂದು ಸಮಿತಿ ಮಾಡಿ ಪ್ರತಿ ಕೊಡೋ ಬಗೆ ಹೇಗೆ ಅಂತ ತೀರ್ಮಾನಿಸ್ತೀವಿ ಅಂತು. ಧರಣಿ ಎದ್ದಿತು. ಇಲ್ಲಿಗೆ ಕಥೆ ಮುಗಿದಿದ್ದರೆ ಸಿನಿಮಾ ಥರ ಇರ್ತಿತ್ತು. ಸಮಿತಿ ವರದಿ ಕೊಡ್ತು, ವರದಿಯಲ್ಲಿ ಏನಿದೆ ಅಂತ ಜನರಿಗೆ ಹೇಳಲಿಲ್ಲ. ಮಾಹಿತಿ ಕೊಡಬೇಕು ಅನ್ನೋ ವರದಿಯೇ ಗುಟ್ಟು! 1997ರ ಬೇಸಿಗೆಯಲ್ಲಿ ಮತ್ತೆ ಜೈಪುರದಲ್ಲಿ ಕೂತರು. ಈ ಸಲ ಐವತ್ತಮೂರು ದಿನ. ಕೊನೆಗೆ ಉಪಮುಖ್ಯಮಂತ್ರಿ ಪತ್ರಕರ್ತರನ್ನು ಕರೆದು ಹೇಳಿದ್ದೇನು ಗೊತ್ತಾ? ಪಂಚಾಯಿತಿ ಕಾಗದಗಳ ಪ್ರತಿ ಕೊಡೋ ಆದೇಶವನ್ನು ಆರು ತಿಂಗಳ ಹಿಂದೆಯೇ ಗೆಜೆಟ್‌ನಲ್ಲಿ ಪ್ರಕಟಿಸಿಬಿಟ್ಟಿದೀವಿ ಅಂತ. ಬೀದಿಯಲ್ಲಿ ಐವತ್ತಮೂರು ದಿನ ಕೂತ ಜನರಿಗೆ ಹೇಳಲಿಲ್ಲ, ಅವರ ಜೊತೆ ಮಾತಿಗೆ ಕೂತ ಅಧಿಕಾರಿಗಳೂ ಬಾಯಿ ಬಿಡಲಿಲ್ಲ. ಮಾಹಿತಿ ಹಕ್ಕಿನ ಆದೇಶ ಇದೆ ಅನ್ನೋ ಮಾಹಿತಿಗೇ ಧರಣಿ ಕೂರಬೇಕಾಯ್ತು.

ಇದನ್ನು ಓದಿದಾಗ ಮೊದಲು ನಗು ಬಂತು ನನಗೆ. ಆಮೇಲೆ ಯೋಚನೆ ಮಾಡಿದರೆ, ಸರ್ಕಾರ ಸುಳ್ಳು ಹೇಳಿರಲಿಲ್ಲ. ಭರವಸೆ ಕೊಟ್ಟಿತ್ತು, ಆದೇಶ ಕೂಡ ಮಾಡಿತ್ತು. ಆದರೂ ಹಳ್ಳಿಯವನ ಕೈಗೆ ಒಂದು ಹಾಳೆ ಸಿಕ್ಕಿರಲಿಲ್ಲ. ಭರವಸೆಗೂ ಆದೇಶಕ್ಕೂ, ಆದೇಶಕ್ಕೂ ಕೈಗೆ ಸಿಗೋ ಹಾಳೆಗೂ ನಡುವೆ ಇರೋ ದೂರವನ್ನು ಅಳೆಯೋದೇ ಹೊಣೆಗಾರಿಕೆ. ನಾವು ಮಾತ್ರ ಚುನಾವಣೆ ಬಂದಾಗಲೆಲ್ಲ ಭರವಸೆಗಳನ್ನಷ್ಟೇ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ನೋಡ್ತೀವಿ.

ಮುಂದಿನದು ನಿಮಗೆ ಸ್ವಲ್ಪ ಗೊತ್ತಿರುತ್ತೆ. 1998ರ ಕೊನೆಗೆ ರಾಜಸ್ಥಾನದಲ್ಲಿ ಸರ್ಕಾರ ಬದಲಾಯ್ತು, 2000ದಲ್ಲಿ ಅಲ್ಲಿ ಮಾಹಿತಿ ಹಕ್ಕು ಕಾನೂನು ಬಂತು. ತಮಿಳುನಾಡು, ಗೋವಾ ಅದಕ್ಕಿಂತ ಮೊದಲೇ 1997ರಲ್ಲಿ ಮಾಡಿದ್ದವು. ಕೇಂದ್ರದಲ್ಲಿ 2002ರಲ್ಲಿ ಒಂದು ಕಾಯ್ದೆ ಪಾಸಾಯ್ತು, ಆದರೆ ಅದು ಜಾರಿಗೆ ಬರೋ ದಿನಾಂಕವನ್ನು ಪ್ರಕಟಿಸಲೇ ಇಲ್ಲ! ಗೆಜೆಟ್ ಕಥೆಯ ದೊಡ್ಡ ಅವತಾರ. ಈಗಿನ ಕಾಯ್ದೆ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ, ಮೂವತ್ತು ದಿನದೊಳಗೆ ಉತ್ತರ. ಆ ಎರಡು ರೂಪಾಯಿಯ ಹಿಂದೆ ಬ್ಯಾವರ್‌ನ ನಲವತ್ತು ದಿನ ಇದೆ.

ನಮ್ಮ ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ ಅನ್ನೋದನ್ನೂ ಹೇಳಬೇಕು. ಸರ್ಕಾರಿ ಖರೀದಿ, ಟೆಂಡರ್‌ಗಳು ಬಹಿರಂಗವಾಗಿ ನಡೀಬೇಕು ಅಂತ 1999ರಲ್ಲೇ ಪಾರದರ್ಶಕತೆ ಕಾಯ್ದೆ ಮಾಡಿದೆವು. 2000ದಲ್ಲಿ ನಮ್ಮದೇ ಮಾಹಿತಿ ಹಕ್ಕು ಕಾಯ್ದೆ ಬಂತು. ಅದೇ ವರ್ಷ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಂದು ಸಲ 'ಜಮಾಬಂದಿ' ನಡೆಸಿ ಜನರ ಮುಂದೆ ಲೆಕ್ಕ ಇಡಬೇಕು ಅನ್ನೋ ನಿಯಮ ಬಂತು. ಅಂದ್ರೆ ಕೋಟ್ ಕಿರಾನಾದಲ್ಲಿ ಜನ ಜಗಳ ಮಾಡಿ ನಡೆಸಿದ್ದನ್ನು ಇಲ್ಲಿ ಸರ್ಕಾರವೇ ನಿಯಮ ಮಾಡಿ ಕೊಟ್ಟಿದೆ. ನಿಮ್ಮ ಊರಿನ ಜಮಾಬಂದಿಗೆ ಯಾವತ್ತಾದರೂ ಹೋಗಿದೀರಾ? ನಾನೂ ಹೋಗಿಲ್ಲ. ಇನ್ನು ಟೆಂಡರ್ ಕಾಯ್ದೆಯಲ್ಲಿ 4(ಜಿ) ಅನ್ನೋ ಒಂದು ಕಿಂಡಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದಾದರೂ ಕಾಮಗಾರಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ವಿರೋಧ ಪಕ್ಷ ಈ ಕಿಂಡಿಯ ಕಡೆ ಬೆರಳು ತೋರಿಸುತ್ತೆ, ತಾನು ಅಧಿಕಾರಕ್ಕೆ ಬಂದ ಮೇಲೆ ಅದೇ ಕಿಂಡಿಯಲ್ಲಿ ಕೈ ಹಾಕುತ್ತೆ.

ಮಾಹಿತಿ ಸಿಗಬೇಕು ಅನ್ನೋದು ಎಷ್ಟು ಮುಖ್ಯವೋ, ಯಾವಾಗ ಸಿಗಬೇಕು ಅನ್ನೋದೂ ಅಷ್ಟೇ ಮುಖ್ಯ. ಇದಕ್ಕೆ ತೀರಾ ಇತ್ತೀಚಿನ ಉದಾಹರಣೆ ಚುನಾವಣಾ ಬಾಂಡ್. 2018ರಿಂದ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಅನ್ನೋದು ಮತದಾರರಿಗೆ ಗೊತ್ತಾಗದ ಹಾಗೆ ಬಾಂಡ್ ಮೂಲಕ ದೇಣಿಗೆ ಹೋಗ್ತಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆ ರದ್ದು ಮಾಡಿ, ಮಾರ್ಚ್ 6ರೊಳಗೆ ವಿವರ ಕೊಡಿ ಅಂತ ಸ್ಟೇಟ್ ಬ್ಯಾಂಕಿಗೆ ಹೇಳಿತು. ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳ್ತು. ಅಷ್ಟೊತ್ತಿಗೆ ಲೋಕಸಭೆ ಚುನಾವಣೆಯೇ ಮುಗಿದು ಹೋಗಿರ್ತಿತ್ತು. ಮಾರ್ಚ್ 11ರಂದು ಕೋರ್ಟ್ ಆಗಲ್ಲ, ನಾಳೆ ಸಂಜೆಯೊಳಗೆ ಕೊಡಿ ಅಂತು. ಮಾರ್ಚ್ 14ಕ್ಕೆ ಪಟ್ಟಿ ಚುನಾವಣಾ ಆಯೋಗದ ವೆಬ್‌ಸೈಟ್‌ಗೆ ಬಂತು, 16ಕ್ಕೆ ಚುನಾವಣೆ ಘೋಷಣೆ ಆಯ್ತು. ಮತ ಹಾಕಿದ ಮೇಲೆ ಸಿಗೋ ಮಾಹಿತಿ ಚರಿತ್ರೆ, ಹಾಕೋ ಮೊದಲು ಸಿಗೋದು ಅಧಿಕಾರ.

ಹಾಗಂತ ಇದು ಒಂದು ಪಕ್ಷದ ಕಥೆ ಅಂದ್ಕೋಬೇಡಿ. 2013ರಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳೂ ಆರ್‌ಟಿಐ ವ್ಯಾಪ್ತಿಗೆ ಬರ್ತಾವೆ ಅಂತ ಆದೇಶ ಕೊಟ್ಟಿತು. ಕಾಂಗ್ರೆಸ್, ಬಿಜೆಪಿ, ಸಿಪಿಐ, ಸಿಪಿಎಂ, ಎನ್‌ಸಿಪಿ, ಬಿಎಸ್‌ಪಿ. ಯಾವ ವಿಷಯದಲ್ಲೂ ಒಂದಾಗದ ಈ ಆರೂ ಪಕ್ಷಗಳು ಆ ಆದೇಶ ಪಾಲಿಸದೇ ಇರೋದರಲ್ಲಿ ಮಾತ್ರ ಒಂದಾದವು.

ಇನ್ನೊಂದು ಸಂಗತಿ ನಮ್ಮಂಥ ನಗರದವರಿಗೆ ಹೆಚ್ಚು ಹತ್ತಿರದ್ದು. ಆರ್‌ಟಿಐ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಸರ್ಕಾರ ದೊಡ್ಡ ನೀತಿ ರೂಪಿಸುವಾಗಲೇ, ಜನರ ಮೇಲೆ ಪರಿಣಾಮ ಬೀರೋ ತೀರ್ಮಾನ ಪ್ರಕಟಿಸುವಾಗಲೇ, ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ತಾನಾಗಿ ಬಹಿರಂಗ ಮಾಡಬೇಕು. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಮಸೂದೆಯ ಕರಡನ್ನು ಕನಿಷ್ಠ ಮೂವತ್ತು ದಿನ ಜನರ ಮುಂದೆ ಇಡಬೇಕು ಅಂತ 2014ರಲ್ಲಿ ಕೇಂದ್ರ ಸರ್ಕಾರವೇ ಒಂದು ಪದ್ಧತಿ ಮಾಡ್ಕೊಂಡಿದೆ, ಅದು ಕಾನೂನಲ್ಲ, ಬರೀ ಪದ್ಧತಿ. ಹಾಗಾಗಿ ಹೊಸ ಫ್ಲೈಓವರ್, ಸುರಂಗ ರಸ್ತೆ, ತೆರಿಗೆ ಏರಿಕೆಯ ಸುದ್ದಿ ನಮಗೆ ಗೊತ್ತಾಗೋದು ಎಲ್ಲಾ ತೀರ್ಮಾನ ಆದ ಮೇಲೆ. ಚುನಾವಣೆ ಹತ್ತಿರ ಬಂದಷ್ಟೂ ಇದರ ವೇಗ ಹೆಚ್ಚು. ದಿನಾಂಕ ಘೋಷಣೆಯಾಗಿ ನೀತಿ ಸಂಹಿತೆ ಬಂದರೆ ಹೊಸ ಯೋಜನೆ ಘೋಷಿಸೋ ಹಾಗಿಲ್ಲ, ಅದಕ್ಕೇ ಹಿಂದಿನ ವಾರ ಒಂದೇ ದಿನ ಹತ್ತು ಕಡೆ ಗುದ್ದಲಿ ಪೂಜೆ. ಯೋಜನಾ ವರದಿ ಎಲ್ಲಿ, ದುಡ್ಡು ಎಲ್ಲಿಂದ, ಬೇರೆ ದಾರಿ ನೋಡಿದ್ರಾ ಅಂತ ಕೇಳೋಕೆ ಪುರುಸೊತ್ತಾದರೂ ಎಲ್ಲಿದೆ? ಗುದ್ದಲಿಯ ಫೋಟೋ ಇರುತ್ತೆ, ವರದಿಯ ಪ್ರತಿ ಇರಲ್ಲ.

ಇಷ್ಟೆಲ್ಲ ಬರೆಯೋನು ತಾನೇನು ಮಾಡಿದ ಅಂತ ನೀವು ಕೇಳಬಹುದು. ನಮ್ಮ ಬೀದಿಯ ಚರಂಡಿ ಒಂದೇ ವರ್ಷದಲ್ಲಿ ಎರಡು ಸಲ ಅಗೆದು ಮುಚ್ಚಿದರು. ಮಳೆ ಬಂದರೆ ಈಗಲೂ ನೀರು ಗೇಟಿನವರೆಗೆ ಬರುತ್ತೆ. ಚಿಕ್ಕಪ್ಪನ ಪಿಡಿಎಫ್ ಬಂದ ರಾತ್ರಿ ಕೂತು ಆನ್‌ಲೈನ್‌ನಲ್ಲಿ ಒಂದು ಅರ್ಜಿ ಹಾಕಿದೆ. ಕಾಮಗಾರಿಯ ಆದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲಿನ ಪ್ರತಿ ಕೊಡಿ ಅಂತ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಇರಬೇಕು. ನನ್ನದು ನಲವತ್ತೇ ಪದ. ಇಪ್ಪತ್ತೆಂಟನೇ ದಿನ ಉತ್ತರ ಬಂತು. ಕಡತ ದೊಡ್ಡದಿರುವುದರಿಂದ ತಾವು ಕಚೇರಿ ವೇಳೆಯಲ್ಲಿ ಬಂದು ಪರಿಶೀಲಿಸಬಹುದು.

ಬಂದು ನೋಡಬಹುದು! ಬ್ಯಾವರ್‌ನ ಧರಣಿಯ ಮೊದಲ ದಿನ ಸರ್ಕಾರ ಕೊಟ್ಟದ್ದೂ ಇದೇ ಉತ್ತರ. ಆ ಕಥೆ ಗೊತ್ತಿರದಿದ್ದರೆ ನಾನು ಒಂದು ದಿನ ರಜೆ ಹಾಕಿ ಹೋಗಿ, ನೋಡಿ, ಏನೂ ಅರ್ಥ ಆಗದೆ ವಾಪಸ್ ಬರ್ತಿದ್ದೆನೋ ಏನೋ. ಈಗ ಮೇಲ್ಮನವಿ ಹಾಕಿದೀನಿ. ಪರಿಶೀಲನೆ ಬೇಡ, ಪ್ರತಿ ಬೇಕು, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟೋಕೆ ಸಿದ್ಧ ಅಂತ ಬರೆದಿದೀನಿ. ಆ ಅರ್ಜಿಯ ಸ್ಕ್ರೀನ್‌ಶಾಟನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದೆ.

ಚಿಕ್ಕಪ್ಪ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಬೆಳಗ್ಗೆ ಫೋನ್ ಮಾಡಿ ಕೇಳಿದರು, "ಅಲ್ಲ ಮಾರಾಯ, ನಮ್ಮೂರ ಕೆರೆ ಹೂಳು ತೆಗೆದಿದ್ದಕ್ಕೂ ಹೀಗೇ ಕೇಳಬಹುದೋ?"